ನಾಲ್ಕನೇ ಸೀಟು

ಮೂವರು ಕೂರುವ ಬೆಂಚಿನಲ್ಲಿ ಸರಿದು ನಾಲ್ಕನೆಯವರಿಗೂ ತುದಿಯಲ್ಲಿ ಜಾಗ ಕೊಡುವುದು ಲೋಕಲ್ ಟ್ರೇನಿನ ಪದ್ಧತಿ. ಎಂಬತ್ತರ ದಶಕದಲ್ಲಿ ಡೊಂಬಿವಲಿಯಿಂದ ನನ್ನ ಜೊತೆ ಹತ್ತುತ್ತಿದ್ದ ಧಾರವಾಡ ಕಡೆಯ ಗುಮಾಸ್ತರೊಬ್ಬರು ಅದನ್ನು ಕೇಳುವ ರೀತಿಯೇ ಬೇರೆ. ಕಲ್ಯಾಣದಿಂದ ಕೂತು ಬರುವ ಮೂವರು ಮರಾಠಿಗರೆದುರು ಟಿಫಿನ್ ಡಬ್ಬಿ ಎದೆಗವಚಿಕೊಂಡು, "ಬೆಳಗಾವಿ ನೀವೇ ಇಟ್ಟುಕೊಳ್ಳಿ, ನನಗೆ ನಾಲ್ಕನೇ ಸೀಟು ಕೊಡಿ" ಎಂದು ಮರಾಠಿಯಲ್ಲಿ ಬೇಡುತ್ತಿದ್ದರು. ಮೂವರೂ ನಕ್ಕು ಸರಿಯುತ್ತಿದ್ದರು.

ಉಡುಪಿ ಕಡೆಯವನಾದ ನನಗೆ ಮೈ ಉರಿಯುತ್ತಿತ್ತು. "ದಿನಾ ಬೆಳಗಾವಿ ಕೊಟ್ಟುಬಿಡ್ತೀರಲ್ಲ ಮಾರಾಯ್ರೆ, ಅದೇನು ನಿಮ್ಮ ಸ್ವಂತದ್ದಾ?" ಎಂದು ಒಮ್ಮೆ ಪ್ಲಾಟ್‌ಫಾರ್ಮಿನಲ್ಲಿ ಕೇಳಿಯೇಬಿಟ್ಟೆ.

"ನಾ ಎಲ್ಲಿ ಕೊಟ್ಟೇನ್ರಿ? ದಿನಾ ಸೀಟು ಕೊಡೋರು ಅವ್ರು" ಎಂದು ಕನ್ನಡಕ ಒರೆಸಿಕೊಂಡರು. ತಮಾಷೆಯೋ ನಿಜವೋ ತಿಳಿಯಲಿಲ್ಲ.

ಆಮೇಲೆ ಗಡಿ ಜಗಳ ಜೋರಾಯಿತು. ಒಂದು ಬೆಳಿಗ್ಗೆ ಗುಮಾಸ್ತರು ಸ್ಟೇಷನ್ನಿಗೆ ಬರಲೇ ಇಲ್ಲ. ನಾನೊಬ್ಬನೇ ಹತ್ತಿದೆ. ಬೋಗಿಯಲ್ಲಿ ಕಾಲಿಡಲು ಜಾಗವಿಲ್ಲ, ಆದರೆ ಬೆಂಚಿನ ತುದಿಯಲ್ಲಿ ಯಾರದೋ ಕರವಸ್ತ್ರ ಹಾಸಿತ್ತು. ಒಬ್ಬ ಕೂರಲು ಹೋದ. ಆ ಮೂವರಲ್ಲಿ, ಬೆಳಗಾವಿ ತಮ್ಮದೇ ಎಂದು ಗಂಟಲು ಹರಿದುಕೊಳ್ಳುವ ಹಿರಿಯರೊಬ್ಬರು ತಡೆದರು. "ಆಮ್ಚಾ ಮಾಣೂಸ್ ಯೇತೋಯ್." ನಮ್ಮ ಮನುಷ್ಯ ಬರುತ್ತಿದ್ದಾನೆ.

ಡೊಂಬಿವಲಿ ಹಿಂದೆ ಬಿತ್ತು. ಇನ್ನು ಅವರು ಹತ್ತುವುದೆಲ್ಲಿಂದ? ಕರವಸ್ತ್ರ ಮಾತ್ರ ಹಾಗೆಯೇ ಇತ್ತು. ಕನ್ನಡದವನೇ ಆದ ನನ್ನನ್ನು ಕೂರು ಎಂದು ಯಾರೂ ಅನ್ನಲಿಲ್ಲ. ಸಿಟ್ಟಾಗಬೇಕೋ ನಗಬೇಕೋ ತೋಚದೆ ಪಕ್ಕದಲ್ಲೇ ನಿಂತಿದ್ದೆ.

ದಿವಾದಲ್ಲಿ ಹತ್ತಿದವನೊಬ್ಬ ಕರವಸ್ತ್ರಕ್ಕೆ ಕೈ ಹಾಕಿದ.

"ಆಮ್ಚಾ ಮಾಣೂಸ್ ಯೇತೋಯ್."

ಹಾಗಂದದ್ದು ನಾನು. ಯಾರ ಪರವಾಗಿ ಅಂದೆನೋ, ಇಂದಿಗೂ ಗೊತ್ತಿಲ್ಲ.