ಸೂಜಿಗೆ ಮುಂಚಿನ ರಕ್ತ

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಮೊಲದಕ್ಕ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಸೇರಿದ ಕೆಲಸ. ಹತ್ತೊಂಬತ್ತು ವರ್ಷ ಮೊಲಗಳಿಗೆ ಮೇವು ಹಾಕಿ, ಪಂಜರ ತೊಳೆದು, ಸೂಜಿ ಚುಚ್ಚುವಾಗ ಅಲುಗಾಡದಂತೆ ಹಿಡಿದವಳು. ಮನೆಯಲ್ಲಿದ್ದದ್ದು ನಾದಿನಿ ಒಬ್ಬಳೇ. ಇವಳು ಹೊಸ್ತಿಲು ದಾಟುವ ಮೊದಲೇ ಅವಳು ಮೂಗು ಮುಚ್ಚಿಕೊಳ್ಳುತ್ತಿದ್ದಳು.

“ಅತ್ತಿಗೆ, ಮೊದ್ಲು ಸ್ನಾನ ಮಾಡಿ. ನಿಮ್ಮ ಮೊಲದ ಮಕ್ಕಳ ವಾಸನೆಗೆ ಅನ್ನ ಗಂಟಲಲ್ಲಿ ಇಳಿಯಲ್ಲ.”

“ನಿನ್ನ ಬಾಯಿಗಿಂತ ವಾಸಿ ಬಿಡು.”

ಜೀವಕೋಶದಲ್ಲಿ ಹೊರಗಿನ ಸುದ್ದಿಯನ್ನು ಒಳಕ್ಕೆ ಮುಟ್ಟಿಸುವ ಪ್ರೋಟೀನು ಒಂದಿದೆಯಂತೆ. ಅದರ ಚೂರನ್ನು ಮೊಲಕ್ಕೆ ಚುಚ್ಚಬೇಕು. ಯಾರೋ ಹೊರಗಿನವನು ನುಗ್ಗಿದ ಎಂದು ಮೊಲದ ಮೈ ತಿರುಗಿಬಿದ್ದು, ಆ ಪ್ರೋಟೀನನ್ನೇ ಹುಡುಕಿ ಹಿಡಿಯುವ ಆಂಟಿಬಾಡಿಯನ್ನು ರಕ್ತದಲ್ಲಿ ಮಾಡಿಕೊಳ್ಳುತ್ತದೆ. ಅದನ್ನು ಸೋಸಿ ಸೀಸೆಗೆ ತುಂಬಿದರೆ ಎಲ್ಲೆಲ್ಲಿಯವರೋ ತರಿಸಿಕೊಳ್ಳುತ್ತಾರೆ. ರಕ್ತ ಒಳ್ಳೆಯದಾದರೆ ಪರೀಕ್ಷೆಯ ಬಿಳಿ ಪಟ್ಟಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಗೆರೆ ಮೂಡಿಸಿದ ಮೊಲದಿಂದ ಆರು ತಿಂಗಳು ಸ್ವಲ್ಪಸ್ವಲ್ಪವೇ ರಕ್ತ ತೆಗೆಯುತ್ತಾರೆ, ಕೊನೆಗೊಂದು ದಿನ ಜೀವ ಹೋಗುವಂತೆ ಪೂರ್ತಿ ಬಸಿದುಕೊಳ್ಳುತ್ತಾರೆ.

ಹಾಗೆ ನಾನೂರು ಮೊಲಗಳನ್ನು ಕಳಿಸಿದರೂ ಮೊಲದಕ್ಕನ ಕಣ್ಣು ಒದ್ದೆಯಾಗಿರಲಿಲ್ಲ. ಆದರೆ ಆ ಸಲ ಬಂದ ಹರಕು ಕಿವಿಯದು ಅವಳ ಚಪ್ಪಲಿಯ ಸದ್ದಾದರೆ ಸಾಕು, ಪಂಜರದ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಅವಳಿಗಾಗಿ ಯಾರೂ ಯಾವ ಬಾಗಿಲಿಗೂ ಬಂದು ನಿಂತದ್ದಿಲ್ಲ.

“ಸಾರ್, ಇದು ಕೆಲಸಕ್ಕೆ ಬರದಿದ್ರೆ ನನಗೆ ಕೊಡ್ತೀರಾ?”

“ತಗೊಂಡು ಹೋಗಕ್ಕ, ತೊಟ್ಟಿಲು ಕಟ್ಟಿ ಮಲಗಿಸು,” ಎಂದು ಲ್ಯಾಬು ನಡೆಸುವ ಡಾಕ್ಟರು ನಕ್ಕರು. ಅವಳು ಅದನ್ನು ಮಾತು ಕೊಟ್ಟದ್ದೆಂದೇ ತಿಳಿದಳು.

ಪ್ರತಿ ಮೊಲದಿಂದಲೂ ಮೊದಲ ಸೂಜಿಗೆ ಮುಂಚೆ ಒಂದು ನಳಿಕೆ ರಕ್ತ ತೆಗೆದು ಫ್ರೀಜರಿನಲ್ಲಿಡುವುದು ಅಲ್ಲಿಯ ಪದ್ಧತಿ, ಆಮೇಲಿನದನ್ನು ಅದರ ಜೊತೆ ಹೋಲಿಸಿ ನೋಡಲಿಕ್ಕೆ. ಸೂಜಿಗಳು ಮುಗಿದ ಮೇಲೆ, ಪರೀಕ್ಷೆಯ ದಿನ ಮೊಲದಕ್ಕ ಹರಕು ಕಿವಿಯದರ ಹೊಸ ರಕ್ತವನ್ನು ಸಿಂಕಿಗೆ ಚೆಲ್ಲಿ, ಆಂಟಿಬಾಡಿ ಇನ್ನೂ ಹುಟ್ಟಿರದ ಆ ಹಳೆಯದರಲ್ಲಿ ಅರ್ಧವನ್ನು ಹೊಸ ನಳಿಕೆಗೆ ಸುರಿದಳು. ಬೇರೆ ಮೊಲದ್ದೇನೂ ಅಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಗೆರೆ ಮೂಡಲಿಲ್ಲ. ಮರುದಿನ ಅವಳು ಮನೆಯಿಂದ ಬುಟ್ಟಿ ತಂದಳು.

“ಬುಟ್ಟಿ ಯಾಕೆ?”

“ನೀವೇ ಅಂದಿದ್ರಲ್ಲ ಸಾರ್, ತಗೊಂಡು ಹೋಗು ಅಂತ.”

“ಅಯ್ಯೋ, ತಮಾಷೆಗಂದದ್ದು! ಸೂಜಿ ಬಿದ್ದ ಪ್ರಾಣಿ ಈ ಬಾಗಿಲು ದಾಟೋ ಹಾಗಿಲ್ಲ. ಇವತ್ತೇ ಮುಗಿಸ್ಬಿಡೋಣ, ಪಂಜರನಾದ್ರೂ ಖಾಲಿಯಾಗ್ಲಿ.”

ಮೊಲದಕ್ಕ ಬುಟ್ಟಿ ಕೆಳಗಿಟ್ಟಳು. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ, ಬಿಡದಿದ್ದರೆ ಮೊಲ ಹೋಗುತ್ತದೆ. ಬಾಯಿಬಿಟ್ಟಳು.

ಡಾಕ್ಟರು ಬೈಯಲಿಲ್ಲ. ತಾವೇ ಮೊಲದ ಕಿವಿಯಿಂದ ರಕ್ತ ತೆಗೆದು ಮತ್ತೆ ಪರೀಕ್ಷೆ ಮಾಡಿದರು. ಮಾರನೆಯ ಮಧ್ಯಾಹ್ನ ಪಟ್ಟಿಯ ಮೇಲೆ ಇದ್ದಿಲಿನಲ್ಲಿ ಗೀಚಿದ ಹಾಗೆ ಗೆರೆ ಮೂಡಿತ್ತು. ಅಷ್ಟು ಕಪ್ಪನ್ನು ಅವರೂ ಕಂಡಿರಲಿಲ್ಲ.

“ನೋಡಿ ಸಾರ್, ಬಂಗಾರದಂಥ ರಕ್ತ. ಇನ್ನಾರು ತಿಂಗಳು ಕೊಡುತ್ತೆ.”

“ಇಂಥದ್ದನ್ನ ಆರು ತಿಂಗಳು ನಿನ್ನ ಕೈಗೆ ಬಿಟ್ಟು ಕೂತ್ಕೊಳ್ಲಾ? ಇವತ್ತೇ ಪೂರ್ತಿ ತೆಗೀತೀನಿ. ಹಿಡ್ಕೊ.”

“ಬೇರೆ ಯಾರನ್ನಾದ್ರೂ ಕರೀರಿ, ಕೈ ಮುಗೀತೀನಿ.”

“ಬೇರೆಯವರ ಕೈಲಿ ಒದ್ದಾಡುತ್ತೆ. ನಿನ್ನ ಹತ್ರ ಮಗು ಹಾಗೆ ಇರುತ್ತಲ್ಲ. ಹಿಡಿದ್ರೆ ಕೆಲಸ ಉಳಿಯುತ್ತೆ, ಇಲ್ಲಾಂದ್ರೆ ಬುಟ್ಟಿ ಎತ್ಕೊಂಡು ನಡಿ.”

ಹಿಡಿದಳು. ಮತ್ತಿನ ಸೂಜಿ ಮೈಗೇರುವ ತನಕವೂ ಮೊಲ ಅವಳ ಅಂಗೈ ಮೂಸುತ್ತಲೇ ಇತ್ತು. ಒಂದೊಂದು ನಳಿಕೆ ತುಂಬಿದಾಗಲೂ ಡಾಕ್ಟರು ಅದನ್ನು ಅವಳ ಕಣ್ಣೆದುರು ಹಿಡಿದರು.

“ಇದು ಯಾವತ್ತಿನ ರಕ್ತ ಅಕ್ಕಾ?”

“ಇವತ್ತಿಂದು ಸಾರ್.”

“ಕೇಳಿಸ್ಲಿಲ್ಲ.”

“ಇವತ್ತಿಂದು.”

“ಹಾಗಂತ ಬರಿ.”

ನಳಿಕೆಗೆ ಅಂಟಿಸುವ ಚೀಟಿಯ ಮೇಲೆ ಅವಳ ಕೈಯಿಂದಲೇ ತಾರೀಖು ಬರೆಸಿದರು. ಹತ್ತು ನಳಿಕೆ ತುಂಬಿದವು. ಹನ್ನೊಂದನೆಯದು ಅರ್ಧಕ್ಕೇ ನಿಂತಿತು, ಮೊಲದ ಉಸಿರೂ. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿ, ಅವಳತ್ತ ತಿರುಗಿದರು.

“ಇದು ಯಾವತ್ತಿಂದು?”