ಜೇಬಿನಲ್ಲಿ ಫ್ಯೂಸ್, ಆಕಾಶದಲ್ಲಿ ಉಸ್ತಾದ್

ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ನಾನು ಸತ್ತುಹೋದೆ. ಕೊಂದವರು ನಮ್ಮನೆಯವರೇ.

ಗಾಬರಿ ಬೇಡ. ಆ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಸತ್ತಿದ್ದು ಒಳಕೋಣೆಯ ಲ್ಯಾಪ್‌ಟಾಪಿನೊಳಗೆ. "ಅಯ್ಯಯ್ಯೋ, ಎಲ್ರೂ ಹೋಗ್ಬಿಟ್ರಲ್ಲೇ!" ಎಂದು ಅವರು ಕೂಗಿಕೊಂಡಾಗ ಸೌಟು ಹಿಡಿದುಕೊಂಡೇ ಓಡಿದೆ. ತೆರೆಯ ಮೇಲೆ ಮೂರು ಹೆಸರು ಕೆಂಪಗಾಗಿದ್ದವು. ಮೂರನೆಯದು ನನ್ನದು. (ಬಾಹ್ಯಾಕಾಶದಲ್ಲೂ ನನಗೆ ಮೂರನೇ ನಂಬರು. ಆ ಜಗಳ ಬೇರೆ ಇದೆ.)

ನಮ್ಮನೆಯವರಿಗೆ ನ್ಯಾಮತಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ ಮೋಟಾರಿನ ಹಳೇ ತಂತಿ ಕಿತ್ತು ಹೊಸದು ಸುತ್ತುವ ಕೆಲಸ. ವಯಸ್ಸು ಐವತ್ತೆರಡು. ಹುಚ್ಚು ಮಾತ್ರ ಹೊಸದು. ಬಾಹ್ಯಾಕಾಶದಲ್ಲಿ ನಿಲ್ದಾಣ ಕಟ್ಟುವ ಒಂದು ಗೇಮ್. ಅದೂ ಪೂರ್ತಿಯಾಗದ ಗೇಮ್. 'ಅರ್ಲಿ ಆಕ್ಸೆಸ್' ಅಂತಾರೆ. ಅಂದರೆ ಅರ್ಧ ಮಾಡಿ ಮಾರುತ್ತಾರೆ, ಆಡುವವರು ತಪ್ಪು ಹೇಳುತ್ತಾರೆ, ಅವರು ತಿದ್ದುತ್ತಾ ಹೋಗುತ್ತಾರೆ.

"ಅರ್ಧ ಆಗಿದ್ದನ್ನ ಯಾಕ್ರೀ ತಗೊಂಡ್ರಿ?" ಎಂದು ಕೇಳಿದ್ದೆ.

"ನಾವು ಗೃಹಪ್ರವೇಶ ಮಾಡಿದಾಗ ಬಚ್ಚಲಿಗೆ ಬಾಗ್ಲು ಇತ್ತೇನು?" ಅಂದರು.

ಇರಲಿಲ್ಲ. ಒಂದು ವರ್ಷ ನನ್ನ ಹಳೇ ಸೀರೆಯೇ ಬಾಗಿಲು.

ಗೇಮೂ ನಮ್ಮ ಮನೆಯಂತೆಯೇ ಬೆಳೆಯಿತು. ಮೊದಮೊದಲು ಚಂದ್ರನಿಗೆ ನೆಲವೇ ಇರಲಿಲ್ಲ. ಇಳಿಸಿದ ನೌಕೆ ಒಳಗೆ ಹೊಕ್ಕು ಆಚೆ ಕಡೆಯಿಂದ ಬರುತ್ತಿತ್ತು. ಯುಗಾದಿ ಹೊತ್ತಿಗೆ ನೆಲ ಬಂತು. ಆಮೇಲೆ ನೆರಳು ಬಂತು. ಒಂದು ದಿನ "ಧೂಳು ಬಂದೈತೆ, ಬಾರೇ ನೋಡಾಕೆ!" ಎಂದು ಕರೆದರು. ಮನೆಯ ಧೂಳು ಒಂದು ದಿನವೂ ಕಣ್ಣಿಗೆ ಬೀಳದ ಮನುಷ್ಯ ಇವರು!

ಎಂಟು ತಿಂಗಳು ಕೂತು ಕಟ್ಟಿದ ಆ ನಿಲ್ದಾಣದ ಗೊಂಬೆಗಳಿಗೆ ಇವರು ನಮ್ಮ ಹೆಸರಿಟ್ಟಿದ್ದರು. ಹಾಗಾಗಿ ಅಲ್ಲಿ ಮೂವರಿದ್ದೆವು. ಕರೀಂ ಉಸ್ತಾದ್, ಅಂಗಡಿಯ ಜೊತೆಗಾರ ಹಾಲೇಶಣ್ಣ, ನಾನು.

ಉಸ್ತಾದ್ ಹೊನ್ನಾಳಿಯವರು. ನಮ್ಮವರಿಗೆ ವೈಂಡಿಂಗ್ ಕಲಿಸಿದ ಗುರು. ಹೋದ ವರ್ಷ ತೀರಿಕೊಂಡರು. ಅವರದೊಂದು ಕಾನೂನಿತ್ತು: ತಂತಿ ಮುಟ್ಟುವ ಮೊದಲು ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೋ. ಸ್ವಿಚ್ ಆಫ್ ಮಾಡಿದರೆ ಸಾಲದು, ಗೊತ್ತಿಲ್ಲದೆ ಯಾರಾದರೂ ಬಂದು ಹಾಕಿಬಿಡುತ್ತಾರೆ. "ಫ್ಯೂಸ್ ಜೇಬ್ನಾಗೆ ಇದ್ರೆ ಜೀವ ನಿನ್ ಕೈಯಾಗೆ ಐತೆ ನೋಡಪ್ಪ" ಅನ್ನುತ್ತಿದ್ದರು. ನಮ್ಮವರು ಈಗಲೂ ಒಂದು ಬಲ್ಬ್ ಬದಲಿಸಬೇಕಾದರೂ ಫ್ಯೂಸ್ ಕೀಳುತ್ತಾರೆ. ಹಾಗೇ ಜೇಬಲ್ಲಿಟ್ಟುಕೊಂಡು ಅಂಗಡಿಗೂ ಹೋಗುತ್ತಾರೆ. ರುಬ್ಬಲು ಹಾಕಿದ ಚಟ್ನಿ ಮುಂದಿಟ್ಟುಕೊಂಡು ನಾನು ಎಷ್ಟು ಸಲ ಫೋನ್ ಮಾಡಿ ಬೈದಿದ್ದೇನೋ!

ಆ ಭಾನುವಾರ ನಿಲ್ದಾಣದ ಹೊರಗಡೆ ಒಂದು ತಂತಿ ಕೆಟ್ಟಿತ್ತು. ರಿಪೇರಿಗೆ ಹೊರಟ ಇವರು ಮೊದಲು ಮಾಡಿದ್ದೇನು? ಮೇನ್ ಆಫ್. ಅಲ್ಲಿ ಕೀಳಲು ಫ್ಯೂಸೇ ಇರಲಿಲ್ಲ. ನಮಗೆ ಗಾಳಿ ಕೊಡುವ ಯಂತ್ರವೂ ಅದೇ ಲೈನಿನಲ್ಲಿತ್ತು. ಮಿಕ್ಕ ಆಟಗಾರರೆಲ್ಲ ಕರೆಂಟ್ ಇದ್ದಂತೆಯೇ ತಂತಿ ಹಿಡಿಯುತ್ತಾರಂತೆ. ಗೇಮಿನಲ್ಲಿ ಶಾಕ್ ಹೊಡೆಯುವುದಿಲ್ಲವಲ್ಲ!

ಪುಣ್ಯಕ್ಕೆ ಹಿಂದಿನ ದಿನದ ಸೇವ್ ಇತ್ತು. ಅದನ್ನು ತೆರೆದರು, ಮೂವರೂ ಬದುಕಿದೆವು. ತಂತಿ ಮಾತ್ರ ಕೆಟ್ಟೇ ಇತ್ತು.

"ಎಲ್ರಂಗೆ ನೀವೂ ಹಿಡೀರಿ ಅತ್ಲಾಗೆ" ಅಂದೆ.

"ಉಸ್ತಾದ್ ಒಳಗೆ ಕುಂತಾರೆ. ಅವರ ಮುಂದೆ ಕರೆಂಟ್ ಇರೋ ತಂತಿ ಹೆಂಗೆ ಮುಟ್ಟಾಕೆ ಆಗ್ತದೆ?"

ನಗು ಬರಬೇಕಿತ್ತು. ಬರಲಿಲ್ಲ.

ಗೇಮ್ ಮಾಡಿದವರಿಗೆ ದೂರು ಬರೆದೆವು. ಇವರು ಹೇಳಿದ್ದನ್ನು ನಾನು ಇಂಗ್ಲಿಷಿಗೆ ಹಾಕಿದೆ. ದೂರಿನ ಫಾರಂನಲ್ಲಿ ಮೂರು ಪ್ರಶ್ನೆ. ಏನು ಮಾಡಿದಿರಿ? ತಂತಿ ಮುಟ್ಟುವ ಮೊದಲು ಮೇನ್ ಆಫ್ ಮಾಡಿದೆ. ಏನಾಗಬೇಕಿತ್ತು? ಎಲ್ಲರೂ ಬದುಕಬೇಕಿತ್ತು. ಏನಾಯಿತು? ನನ್ನ ಗುರು, ಅವರು ಕಲಿಸಿದಂತೆ ನಾನು ಮಾಡಿದ್ದಕ್ಕೇ ಸತ್ತರು. ದಯವಿಟ್ಟು ಗಾಳಿಗೆ ಬೇರೆ ಲೈನ್ ಕೊಡಿ. ಕೈಗೊಂದು ಫ್ಯೂಸ್ ಕೊಡಿ.

ಮೂರು ವಾರಕ್ಕೆ ಉತ್ತರ ಬಂತು. ಒಳ್ಳೆಯ ಸಲಹೆ, ಹೊಸ ಅಪ್‌ಡೇಟಿನಲ್ಲಿ ಎರಡನ್ನೂ ಹಾಕಿದ್ದೇವೆ. ಆದರೆ ಹಳೆಯ ನಿಲ್ದಾಣಗಳು ಹೊಸದರಲ್ಲಿ ತೆರೆಯುವುದಿಲ್ಲ, ಕ್ಷಮಿಸಿ.

ನಾಲ್ಕು ದಿನ ಲ್ಯಾಪ್‌ಟಾಪ್ ಮುಚ್ಚಿಯೇ ಇತ್ತು. "ಹಳೇದ್ರಲ್ಲೇ ಇದ್ಬಿಡ್ರಿ, ಯಾರು ಬ್ಯಾಡ ಅಂತಾರೆ?" ಅಂದೆ.

"ಹಳೇದ್ರಾಗೆ ಉಸ್ತಾದ್ ಅದಾರೆ. ಹೊಸದ್ರಾಗೆ ಅವರ ಮಾತು ಐತೆ. ಯಾವುದನ್ನ ಬಿಡಾಕೆ ಆಗ್ತದೆ, ನೀನೇ ಹೇಳು."

(ಹಳೆಯದರಲ್ಲಿ ನಾನೂ ಇದ್ದೇನೆ ಎಂದು ನೆನಪಿಸಲು ಹೋಗಲಿಲ್ಲ.)

ಮೊನ್ನೆ ಭಾನುವಾರ ಅವರೇ ಕೂತರು. ಹಳೇ ನಿಲ್ದಾಣದ ಒಂದೊಂದು ಕೋಣೆಗೂ ಹೋಗಿ ಬಂದರು. ಉಸ್ತಾದ್ ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಅಪ್‌ಡೇಟ್ ಒತ್ತಿದರು. ನಾನು ಅವರ ಹೆಗಲ ಮೇಲೆ ಕೈ ಇಟ್ಟುಕೊಂಡು ನಿಂತಿದ್ದೆ.

ಹೊಸ ನಿಲ್ದಾಣಕ್ಕೆ ಒಂದೇ ಕೋಣೆ. ಯಾರಿರುತ್ತಾರೆ ಎಂದು ಗೇಮ್ ಕೇಳಿತು. ಮೊದಲು ನನ್ನ ಹೆಸರು ಹಾಕಿದರು! ಎರಡನೆಯದು ಹಾಲೇಶಣ್ಣ. ಅಲ್ಲಿಗೇ ನಿಲ್ಲಿಸಿದರು.

"ಉಸ್ತಾದ್?"

"ಬ್ಯಾಡ ಬಿಡು. ಇನ್ನೊಂದು ಅಪ್‌ಡೇಟ್ ಬರ್ತದೆ. ಮತ್ತೊಂದ್ಸಲ ಕಳಿಸಿಕೊಡಾಕೆ ನನ್ ಕೈಲಿ ಆಗಂಗಿಲ್ಲ."

ಆಮೇಲೆ ಬೇಕೆಂದೇ ಒಂದು ತಂತಿ ಬಿಚ್ಚಲು ಹೊರಟರು. ಫ್ಯೂಸ್ ಕಿತ್ತರು. 'ಜೇಬಿಗೆ ಹಾಕಿಕೊಳ್ಳುತ್ತೀರಾ?' ಎಂದು ಇಂಗ್ಲಿಷಿನಲ್ಲಿ ಕೇಳಿತು. ಹೂಂ ಅಂದರು. ದೀಪ ಆರಿತು, ಗಾಳಿ ನಿಲ್ಲಲಿಲ್ಲ. ನಾನು ಸಾಯಲಿಲ್ಲ. ಇವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು.

ಈಗ ಯಾವ ಯಾವ ದೇಶದಲ್ಲೋ ಯಾರ್ಯಾರೋ ತಂತಿ ಮುಟ್ಟುವ ಮುಂಚೆ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿರುತ್ತಾರೆ. ಅದು ಹೊನ್ನಾಳಿಯ ಕರೀಂ ಉಸ್ತಾದರ ಕಾನೂನು ಎಂದು ಅವರಿಗೆಲ್ಲ ಹೇಳುವವರು ಯಾರು?