ದೇವಮ್ಮ ಬಿಟ್ಟ ಅರ್ಧ ಸಾಲು

ಮಗುವನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಓಣಿಯ ಹೆಂಗಸರು ಬಾಗಿಲು ತಟ್ಟದೆ ಒಳಗೆ ಬಂದರು. ಯಾರೂ ನನ್ನನ್ನು ಮಾತನಾಡಿಸಲಿಲ್ಲ. ಗೋಡೆಗೊರಗಿ ಕುಳಿತು, ಸೆರಗನ್ನು ಮುಖಕ್ಕೆಳೆದುಕೊಂಡು, ಹಾಡತೊಡಗಿದರು. ಇವರಿಗೇನು ಹುಚ್ಚೇ ಅನ್ನಿಸಿತು. ಸತ್ತವರನ್ನು ನೆನೆದು ಪದ ಕಟ್ಟಿ ಅಳುವುದಕ್ಕೆ ಇಲ್ಲಿ ‘ಹಾಡ್ಯಾಡಿ ಅಳೋದು’ ಎನ್ನುತ್ತಾರೆ.

ನಿಜಾಮರ ಆಳ್ವಿಕೆ ಮುಗಿದ ಮರುವರ್ಷ ನಾವು ಮಂಗಳೂರಿನಿಂದ ಲಿಂಗಸುಗೂರಿಗೆ ಬಂದೆವು. ಯಜಮಾನರು ಕ್ರೈಸ್ತ ಸಭೆಯ ಬೋಧಕರು. ಮಸ್ಕಿ, ಸಿಂಧನೂರು ಎಂದು ಸುತ್ತುತ್ತಲೇ ಇರುತ್ತಾರೆ. ಹೆಂಗಸರಿಗೆ ಬೈಬಲಿನ ಕೀರ್ತನೆಗಳನ್ನೂ ಪ್ರವಾದಿಗಳ ಮಾತನ್ನೂ ಬಿಡಿಸಿ ಹೇಳುವುದು ನನ್ನ ಪಾಲು. ನನಗೆ ಹೀಬ್ರೂ ಕಲಿಸಿದವರು ಅಪ್ಪ. ಮಂಗಳೂರಿನಲ್ಲಿ ಹೆಂಚಿನ ಮನೆ, ಇಲ್ಲಿ ಮಣ್ಣಿನ ಮಾಳಿಗೆ. ಅಲ್ಲಿ ಕುಚ್ಚಲಕ್ಕಿ ಗಂಜಿ, ಇಲ್ಲಿ ಜೋಳದ ರೊಟ್ಟಿ, ಸವಳು ನೀರು. ನನ್ನ ರೊಟ್ಟಿ ಹರಿಯದೆ ಹಂಚಿಗೆ ಬಿದ್ದ ದಿನ ಪಕ್ಕದ ಮನೆಯ ದೇವಮ್ಮ, ‘ಅಕ್ಕೋರ, ಈಗ ನಮ್ಮೋರಾದ್ರಿ ನೋಡ್ರಿ’ ಎಂದಿದ್ದಳು. ಓದಿಸುವ ಹೆಂಗಸು ಇವರಿಗೆ ಅಕ್ಕೋರು.

ಅವಳೇ ಒಮ್ಮೆ ಪಾಠದಲ್ಲಿ ಕೇಳಿದ್ದಳು: ‘ಒಂದ ಮಾತು ಎರಡ ಸಲ ಯಾಕ ಹೇಳ್ಯಾರ್ರೀ?’ ಹೀಬ್ರೂ ಪದ್ಯದ ರೀತಿಯೇ ಹಾಗೆ ಎಂದೆ. ಸಾಲಿನ ಮೊದಲರ್ಧ ಹೇಳಿದ್ದನ್ನು ಉಳಿದರ್ಧ ಬೇರೆ ಮಾತಿನಲ್ಲಿ ಮತ್ತೆ ಹೇಳುತ್ತದೆ. ನಾಡು ಹಾಳಾಗುವಾಗ ಅಳಬಲ್ಲ ಹೆಂಗಸರನ್ನು ಕರೆಸಿರೆಂದು ಪ್ರವಾದಿ ಹೇಳುವ ಭಾಗವನ್ನೂ ಬಿಡಿಸಿದೆ. ಅದು ಕೂಲಿಯ ಅಳು, ಬರೀ ವೇಷ ಎಂದು ಅಪ್ಪ ಕಲಿಸಿದಂತೆಯೇ ಹೇಳಿದೆ.

ಈಗ ಓಣಿಯ ಹೆಂಗಸರ ನಡುವೆ ದೇವಮ್ಮ ನನ್ನೆದುರು ಕುಳಿತು ಪದ ಎತ್ತಿದಳು: ‘ತೂಗೋ ತೊಟ್ಟಿಲ ಬರಿದಾತ ನನ್ನವ್ವಾ...’ ಅಷ್ಟಕ್ಕೇ ನಿಲ್ಲಿಸಿ ನನ್ನನ್ನು ನೋಡಿದಳು.

‘ಇನ್ನರ್ಧ ಹಡದಾಕಿ ಹೇಳಬೇಕ್ರಿ ಅಕ್ಕೋರ. ಎದ್ಯಾಗ ಇಟಗೋಬ್ಯಾಡ್ರಿ.’

ನನಗೆ ಏನೂ ಆಗುತ್ತಿರಲಿಲ್ಲ. ಹೆತ್ತ ಮಗುವಿಗೆ ಒಂದು ಹನಿ ಕಣ್ಣೀರೂ ಬಾರದೆ ಹೋದರೆ ನಾನೆಂಥ ತಾಯಿ ಎಂಬ ಭಯವೊಂದೇ ಇತ್ತು. ಎದ್ದು, ನಮ್ಮೂರಿನಲ್ಲಿ ಮಾಡುವಂತೆ, ಎಲ್ಲರಿಗೂ ಕಾಫಿ ತಂದಿಟ್ಟೆ. ಸಾವಿನ ಮನೆಯಲ್ಲಿ ಇವರು ನೀರೂ ಮುಟ್ಟುವುದಿಲ್ಲ. ಒಬ್ಬೊಬ್ಬರೇ ಎದ್ದರು. ‘ಹೋಗಿ ಬನ್ನಿ’ ಎಂದೆ. ದೇವಮ್ಮ ಬೆಚ್ಚಿ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು.

‘ಹಂಗನಬಾರದ್ರಿ. ಇಂಥಾದಕ್ಕ ಯಾರರ ಮತ್ತ ಬರ್ತಾರೇನು?’

ಮಳೆಗಾಲದಲ್ಲಿ ಅಪ್ಪ ತೀರಿಕೊಂಡರು. ಮಂಗಳೂರಿಗೆ ಹೋದೆ. ಶವದ ಪೆಟ್ಟಿಗೆಯ ಸುತ್ತ ಎಲ್ಲರೂ ಕರವಸ್ತ್ರ ಹಿಡಿದು ಮೆಲ್ಲಗೆ ಪ್ರಾರ್ಥಿಸುತ್ತಿದ್ದರು. ಎಲ್ಲಿತ್ತೋ ಆ ಇನ್ನರ್ಧ, ನನ್ನ ಗಂಟಲಿನಿಂದ ಬಂದೇಬಿಟ್ಟಿತು: ‘ತೂಗೋ ಕೈ ಬರಿದಾದ್ವ ನನ್ನವ್ವಾ...’ ಮುದುಕರ ಪೆಟ್ಟಿಗೆಯ ಮುಂದೆ ತೊಟ್ಟಿಲ ಪದ! ಅಕ್ಕ ಓಡಿಹೋಗಿ ಕಿಟಕಿ ಮುಚ್ಚಿದಳು.

‘ಇದೆಂಥದ್ದು ಮಾರಾಯ್ತಿ? ಮೆಲ್ಲ ಅಳು, ಆಚೆಮನೆಗೆ ಕೇಳ್ತದೆ.’

ನಾನು ನಿಲ್ಲಿಸಿದೆ.

ಹಿಂದಿರುಗಿ ದೇವಮ್ಮನಿಗೆ ಹೇಳಿದರೆ ಅವಳಿಗೆ ಸಮಾಧಾನವಾಗಲಿಲ್ಲ. ‘ಅಲ್ಲಿ ಹೇಳಿದ್ರ ಏನ ಬಂತ್ರಿ? ಕೂಸು ಇಲ್ಲಿ ಮಲಗೈತಿ. ಇಲ್ಲಿ ಹೇಳ್ರಿ.’ ಕೈಹಿಡಿದು ಕರೆದೊಯ್ದು ಆ ಪುಟ್ಟ ಗುಡ್ಡೆಯ ಪಕ್ಕ ಕೂರಿಸಿದಳು. ಮೊದಲರ್ಧ ತಾನೇ ಎತ್ತಿ, ಕಾದಳು. ಸುತ್ತ ಬಯಲು. ಆಚೆಮನೆ, ಈಚೆಮನೆ ಯಾವುದೂ ಇರಲಿಲ್ಲ.

ಬಾಯಿ ತೆರೆದೆ. ಅಕ್ಕ ಅಂದು ಕಿಟಕಿ ಮುಚ್ಚಿದ ಸದ್ದೇ ಕೇಳಿಸಿತು.